ಪದವಿ ಹಂತದ ಮನಶ್ಶಾಸ್ತ್ರ ಮತ್ತು ಕನ್ನಡ: ಪರಿಭಾಷೆಯಿಂದ ಆಪ್ತಸಮಾಲೋಚನೆಯ ಮಾತಿನವರೆಗೆ

೧. ಪೀಠಿಕೆ

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಮನಶ್ಶಾಸ್ತ್ರ ಮತ್ತು ಸಮಾಜಕಾರ್ಯ ವಿಷಯಗಳನ್ನು ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗಳಿದ್ದಾರೆ. ಇವರಲ್ಲಿ ಬಹುಪಾಲು ಮಂದಿ ಮನೋವೈದ್ಯಕೀಯ ಚಿಕಿತ್ಸಕರಾಗುವುದಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಚಿಕಿತ್ಸಾ ಮನಶ್ಶಾಸ್ತ್ರಜ್ಞರೆನಿಸಿಕೊಳ್ಳಲು ಸ್ನಾತಕೋತ್ತರ ಪದವಿಯೂ ಅದರ ಮೇಲಿನ ಮಾನ್ಯತೆ ಪಡೆದ ತರಬೇತಿಯೂ ಅಗತ್ಯ. ಆದರೆ ಪದವಿಯಷ್ಟರಿಂದಲೇ ಹೊರಬಂದವರು ಶಾಲೆ, ವಿದ್ಯಾರ್ಥಿನಿಲಯ, ಅಂಗನವಾಡಿ, ಸ್ವಯಂಸೇವಾ ಸಂಸ್ಥೆ, ಸಹಾಯವಾಣಿ, ಪೊಲೀಸ್ ಠಾಣೆಗಳಂತಹ ಕಡೆ ಕೆಲಸಕ್ಕೆ ಸೇರುತ್ತಾರೆ. ಸಂಕಟದಲ್ಲಿರುವ ವ್ಯಕ್ತಿ ಮೊದಲು ಎದುರಾಗುವುದು ತಜ್ಞರಿಗಲ್ಲ, ಇಂಥವರಿಗೆ. ಆ ಮೊದಲ ಭೇಟಿಯಲ್ಲಿ ನಡೆಯುವ ಮಾತು ಕನ್ನಡದಲ್ಲಿ ನಡೆಯುತ್ತದೆ.

ಹೀಗಾಗಿ ಪದವಿ ತರಗತಿ ವಿದ್ಯಾರ್ಥಿಗೆ ಯಾವ ಕನ್ನಡವನ್ನು ಕೊಟ್ಟಿದೆ ಎಂಬ ಪ್ರಶ್ನೆ ಮನಶ್ಶಾಸ್ತ್ರ ವಿಭಾಗಕ್ಕೆ ಮಾತ್ರ ಸೇರಿದ್ದಲ್ಲ. ಅದು ಕನ್ನಡ ಅಧ್ಯಯನದ ಪ್ರಶ್ನೆಯೂ ಹೌದು. ಕನ್ನಡದ ಮನಶ್ಶಾಸ್ತ್ರ ಬೋಧನೆ ಕಳೆದ ಹಲವು ದಶಕಗಳಲ್ಲಿ ಹೆಸರಿಸುವ ಭಾಷೆಯೊಂದನ್ನು ಶ್ರಮದಿಂದ ಕಟ್ಟಿದೆ. ಆದರೆ ಕೇಳಿಸಿಕೊಳ್ಳುವ ಭಾಷೆಯನ್ನು ಕಟ್ಟುವ ಕೆಲಸ ಇನ್ನೂ ಆಗಬೇಕಾಗಿದೆ ಎಂಬುದು ಪ್ರಸ್ತುತ ಲೇಖನದ ವಾದ. ಆ ಕೆಲಸಕ್ಕೆ ಬೇಕಾದ ಸಾಮಗ್ರಿ ಕನ್ನಡ ವಿಭಾಗಗಳು ನಿತ್ಯ ಪಾಠಮಾಡುವ ವ್ಯಾಕರಣ, ಉಪಭಾಷೆ, ಕಾವ್ಯಮೀಮಾಂಸೆಗಳಲ್ಲಿಯೇ ಇದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

೨. ಶಿಸ್ತಿನ ಚರಿತ್ರೆ ಮತ್ತು ಭಾಷೆಯ ಆಯ್ಕೆ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದುದು ೧೯೨೪ರಲ್ಲಿ. ಕಲ್ಕತ್ತೆಯ ನಂತರ ಭಾರತದಲ್ಲಿ ಸ್ಥಾಪನೆಯಾದ ಮೊದಮೊದಲ ವಿಭಾಗಗಳಲ್ಲಿ ಅದು ಒಂದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿ ಬಂದವರು. ಇದೇ ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಹೆಸರಾಯಿತು. ಕನ್ನಡದ ಆಡುಮಾತನ್ನು ಮನೆಮನೆಗೆ ಮುಟ್ಟಿಸಿದವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಎಂಬುದು ಗಮನಾರ್ಹ. ಆದರೆ ಅವರ ತರಗತಿಯ ಭಾಷೆ ಅಂದಿನ ವಿಶ್ವವಿದ್ಯಾನಿಲಯದ ಎಲ್ಲ ತರಗತಿಗಳಂತೆ ಇಂಗ್ಲಿಷೇ ಆಗಿತ್ತು. ಮಾತು ಕನ್ನಡದಲ್ಲಿ, ಶಾಸ್ತ್ರ ಇಂಗ್ಲಿಷಿನಲ್ಲಿ ಎಂಬ ಈ ವಿಭಜನೆ ಶಿಸ್ತಿನ ಹುಟ್ಟಿನಲ್ಲಿಯೇ ಇದೆ.

ಮುಂಬಯಿ ಕರ್ನಾಟಕದಲ್ಲಿ ಬೇರೊಂದು ಬಗೆಯ ಪ್ರಯತ್ನ ನಡೆಯಿತು. ಧಾರವಾಡದ ವಿ.ವಿ. ಕಾಮತರು ಬಿನೆ ಅವರ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದರು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ೧೯೪೦ರಲ್ಲಿ ಪ್ರಕಟವಾಯಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ದೇಶದ ಅನೇಕ ಭಾಗಗಳಲ್ಲಿ ಬಳಕೆಗೆ ಬಂದ ಈ ಸಾಧನ ಧಾರವಾಡ ಸೀಮೆಯ ಮಕ್ಕಳ ಮಾತಿನ ನೆಲದಿಂದ ಎದ್ದದ್ದು. ಪರೀಕ್ಷೆಯನ್ನು ಭಾಷಾಂತರಿಸಿದರೆ ಸಾಲದು, ಮಕ್ಕಳ ಲೋಕಕ್ಕೆ ಅದನ್ನು ಹೊಂದಿಸಬೇಕು ಎಂಬ ಅರಿವು ಇಲ್ಲಿ ಅಷ್ಟು ಮೊದಲೇ ಇತ್ತು.

೧೯೫೬ರಿಂದ ೧೯೬೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಅವರು ಉನ್ನತ ಶಿಕ್ಷಣದಲ್ಲಿ ಕನ್ನಡ ಮಾಧ್ಯಮವನ್ನು ಬಲವಾಗಿ ಪ್ರತಿಪಾದಿಸಿದರು. ಅನಂತರದ ದಶಕಗಳಲ್ಲಿ ಮಾನವಿಕ ವಿಷಯಗಳಿಗೆ ಕನ್ನಡ ಪಠ್ಯಗಳು, ಅವುಗಳೊಂದಿಗೆ ಪಾರಿಭಾಷಿಕ ಪದಗಳು ಸಿದ್ಧವಾದವು. ಮನಶ್ಶಾಸ್ತ್ರದ ಕನ್ನಡ ಪಠ್ಯಗಳೂ ಈ ಹಾದಿಯಲ್ಲಿಯೇ ಬಂದವು.

ಇದಕ್ಕೆ ಸಮಾನಾಂತರವಾಗಿ ವೈದ್ಯರ ಬರವಣಿಗೆಯ ಪರಂಪರೆಯೊಂದು ಬೆಳೆಯಿತು. ೧೯೪೨ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದ ‘ರಾಶಿ’ ಕಾವ್ಯನಾಮದ ಡಾ. ಎಂ. ಶಿವರಾಂ ಅವರ ‘ಮನಮಂಥನ’ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಮನಸ್ಸಿನ ರೋಗಗಳನ್ನು ಕುರಿತ ಗ್ರಂಥವೊಂದು ಸಾಹಿತ್ಯದ ಮನ್ನಣೆ ಪಡೆದುದು ಕನ್ನಡದಲ್ಲಿ ವಿರಳ ಸಂಗತಿ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ರೂಪುಗೊಂಡು ೧೯೭೪ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ಬರೆದ ಅನೇಕ ಕೃತಿಗಳು ಈ ಪರಂಪರೆಯನ್ನು ಮುಂದುವರಿಸಿದವು. ಪಠ್ಯಪುಸ್ತಕದ ಕನ್ನಡ ಮತ್ತು ಈ ವೈದ್ಯಬರಹದ ಕನ್ನಡ ಅಕ್ಕಪಕ್ಕದಲ್ಲಿಯೇ ಬೆಳೆದರೂ, ತರಗತಿಯ ಪಾಠವನ್ನೂ ಪರೀಕ್ಷೆಯ ಪ್ರಶ್ನೆಯನ್ನೂ ರೂಪಿಸಿದ್ದು ಮೊದಲನೆಯದು.

೩. ಪರಿಭಾಷೆಯ ಸ್ವರೂಪ

ಪದವಿ ಹಂತದ ಮನಶ್ಶಾಸ್ತ್ರದ ಪದಕೋಶದಲ್ಲಿ ಮೂರು ಪದರಗಳನ್ನು ಗುರುತಿಸಬಹುದು. ಮೊದಲನೆಯದು ಸಂಸ್ಕೃತ ಮೂಲದ ಸಮಾಸಗಳದು: ಸಂವೇದನೆ, ಅಭಿಪ್ರೇರಣೆ, ಸಂವೇಗ, ಚಿತ್ತವಿಕಲತೆ, ಪ್ರತ್ಯಕ್ಷಾನುಭವ. ಎರಡನೆಯದು ಬಳಕೆಯ ಮಾತಿನಿಂದ ಎತ್ತಿಕೊಂಡು ಅರ್ಥವನ್ನು ಬಿಗಿಗೊಳಿಸಿದವು: ಕಲಿಕೆ, ಗ್ರಹಿಕೆ, ನೆನಪು, ಮರೆವು, ಒತ್ತಡ. ಮೂರನೆಯದು ಕನ್ನಡ ಲಿಪಿಯಲ್ಲಿ ಉಳಿದ ಇಂಗ್ಲಿಷ್ ಪದಗಳು: ಫೋಬಿಯಾ, ಸ್ಕಿಜೋಫ್ರೀನಿಯಾ, ಕೌನ್ಸೆಲಿಂಗ್. ಒಂದೇ ಪರಿಕಲ್ಪನೆಗೆ ಬೇರೆ ಬೇರೆ ಪಠ್ಯಗಳಲ್ಲಿ ಬೇರೆ ಬೇರೆ ಪದಗಳಿರುವುದೂ ಉಂಟು. ಶಿಸ್ತಿನ ಹೆಸರೇ ಮನಶ್ಶಾಸ್ತ್ರವೆಂದೂ ಮನೋವಿಜ್ಞಾನವೆಂದೂ ಎರಡು ರೂಪಗಳಲ್ಲಿ ನಡೆಯುತ್ತಿದೆ.

ಪರಿಭಾಷೆ ಕ್ಲಿಷ್ಟವಾಗಿದೆ ಎಂಬ ದೂರು ಹಳೆಯದು. ಅದು ಸಂಪೂರ್ಣ ನ್ಯಾಯವಾದುದೂ ಅಲ್ಲ. ಶಾಸ್ತ್ರಕ್ಕೆ ನಿಖರತೆ ಬೇಕು, ನಿಖರತೆಗೆ ಬಳಕೆಯ ಅರ್ಥಗಳಿಂದ ಬಿಡಿಸಿಕೊಂಡ ಪದ ಬೇಕು. ಮೇಲಾಗಿ ಪದಗಳು ಬಳಕೆಯಿಂದ ಪಳಗುತ್ತವೆ. ಭೌತಿಕ ಬಲಕ್ಕೆ ಸಂಬಂಧಿಸಿದ್ದ ‘ಒತ್ತಡ’ ಇಂದು ಮನಸ್ಸಿನ ಸ್ಥಿತಿಯಾಗಿ ಪತ್ರಿಕೆಗಳಲ್ಲಿಯೂ ಮಾತಿನಲ್ಲಿಯೂ ಸಹಜವಾಗಿದೆ. ‘ಖಿನ್ನತೆ’ ವಿದ್ಯಾವಂತರ ಮಾತಿಗೆ ಇಳಿದಿದೆ. ತೊಡಕಿರುವುದು ಪದದ ಕ್ಲಿಷ್ಟತೆಯಲ್ಲಿ ಅಲ್ಲ, ಅದರ ಬಳಕೆಯ ದಿಕ್ಕಿನಲ್ಲಿ. ‘ಖಿನ್ನತೆಯ ಲಕ್ಷಣಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಯುವ ವಿದ್ಯಾರ್ಥಿ ಹೆಸರಿನಿಂದ ಲಕ್ಷಣದ ಕಡೆಗೆ ಹೋಗಲು ಕಲಿಯುತ್ತಾನೆ. ಕ್ಷೇತ್ರದಲ್ಲಿ ಅವನು ವಿರುದ್ಧ ದಿಕ್ಕಿನಲ್ಲಿ ನಡೆಯಬೇಕು: ಹೆಸರಿಲ್ಲದ, ಚದುರಿದ, ಕೆಲವೊಮ್ಮೆ ಮೈಯ ನೋವಿನ ರೂಪದಲ್ಲಿ ಬರುವ ಮಾತಿನಿಂದ ಹೆಸರಿನ ಕಡೆಗೆ. ಈ ಎರಡನೆಯ ದಾರಿಯನ್ನು ಪಠ್ಯ ತೋರಿಸುವುದಿಲ್ಲ.

ಭಾಷೆ ಕೇವಲ ವಾಹಕವಲ್ಲ ಎಂಬುದು ಪ್ರಯೋಗಶಾಲೆಯಲ್ಲಿಯೇ ಕಾಣುತ್ತದೆ. ಎಬ್ಬಿಂಗ್‌ಹೌಸ್ ೧೮೮೫ರಲ್ಲಿ ಪ್ರಕಟಿಸಿದ ಸ್ಮರಣೆಯ ಅಧ್ಯಯನಕ್ಕಾಗಿ ವ್ಯಂಜನ-ಸ್ವರ-ವ್ಯಂಜನ ಕ್ರಮದ ಸುಮಾರು ೨೩೦೦ ಅರ್ಥರಹಿತ ಪದಾಂಶಗಳನ್ನು ರಚಿಸಿಕೊಂಡಿದ್ದರು. ಆ ಪ್ರಯೋಗ ಪದವಿ ತರಗತಿಗಳಿಗೆ ಪರಿಚಿತವಾದುದು. ಆದರೆ ಹೊಸಗನ್ನಡದ ಪದಗಳು ಸಾಮಾನ್ಯವಾಗಿ ಸ್ವರಾಂತವಾದವು. ಎರವಲು ಬಂದ ‘ಬಸ್’ ಕೂಡ ಕನ್ನಡದಲ್ಲಿ ‘ಬಸ್ಸು’ ಆಗುತ್ತದೆ. ವ್ಯಂಜನದಲ್ಲಿ ನಿಲ್ಲುವ ಪದಾಂಶ ಕನ್ನಡದ ಕಿವಿಗೆ ಅರ್ಥರಹಿತವಷ್ಟೇ ಅಲ್ಲ, ಅಪರಿಚಿತ ಆಕಾರವೂ ಹೌದು. ಆಕಾರದ ಅಪರಿಚಿತತೆ ಮತ್ತು ಅರ್ಥದ ಅಭಾವ ಎರಡೂ ಇಲ್ಲಿ ಬೆರೆತುಹೋಗುತ್ತವೆ. ಸ್ವರಾಂತವಾಗಿ ಎರಡು ಅಕ್ಷರಗಳ ಪದಾಂಶಗಳನ್ನು ಮಾಡಹೊರಟರೆ ಅವು ಯಾವುದೋ ಉಪಭಾಷೆಯಲ್ಲಿ ಅರ್ಥವುಳ್ಳ ಪದಗಳಾಗಿಬಿಡಬಹುದು. ಈ ಸಣ್ಣ ಪ್ರಯೋಗವನ್ನು ಕನ್ನಡದಲ್ಲಿ ಸರಿಯಾಗಿ ನಡೆಸಲು ಧ್ವನಿವಿಜ್ಞಾನದ ತಿಳಿವಳಿಕೆ ಬೇಕಾಗುತ್ತದೆ.

೪. ಸಂಕಟದ ಆಡುನುಡಿ

ಕನ್ನಡಿಗರು ಮನಸ್ಸಿನ ಕಷ್ಟವನ್ನು ಹೇಳಿಕೊಳ್ಳುವ ಕೆಲವು ಪದಗಳನ್ನು ನೋಡಬಹುದು. ‘ಬೇಜಾರು’ ಎಂಬುದು ಹೊತ್ತು ಹೋಗದಿರುವುದು, ಮುನಿಸು, ನೋವು, ದುಃಖ, ಬದುಕಿನಲ್ಲಿ ಆಸಕ್ತಿ ಇಲ್ಲದಿರುವುದು ಎಲ್ಲವನ್ನೂ ಒಳಗೊಳ್ಳುತ್ತದೆ. ‘ಸಂಕಟ’ ಹೊಟ್ಟೆಯ ತೊಳಸುವಿಕೆಗೂ ಹೌದು, ಮನಸ್ಸಿನ ವೇದನೆಗೂ ಹೌದು. ಉತ್ತರ ಕರ್ನಾಟಕದಲ್ಲಿ ‘ತ್ರಾಸು’ ದೇಹ, ಮನಸ್ಸು, ಹಣಕಾಸು ಮೂರಕ್ಕೂ ಸಲ್ಲುತ್ತದೆ. ಎದೆ ಭಾರ, ತಲೆಬಿಸಿ, ಹೊಟ್ಟೆಯುರಿ, ಕರುಳು ಹಿಂಡಿದಂತಾಗುವುದು, ಕೈಕಾಲಲ್ಲಿ ಶಕ್ತಿ ಇಲ್ಲದಂತಾಗುವುದು ಮೊದಲಾದ ನುಡಿಗಟ್ಟುಗಳಲ್ಲಿ ಭಾವ ಒಂದೊಂದು ಅಂಗದಲ್ಲಿ ನೆಲೆಸಿದೆ. ಇಂಗ್ಲಿಷಿನಿಂದ ಬಂದ ‘ಟೆನ್ಷನ್’ ಈಗ ಹಳ್ಳಿಯ ಮಾತಿನಲ್ಲಿಯೂ ಬೇರೂರಿದೆ.

ಇವುಗಳಲ್ಲಿ ‘ಯೋಚನೆ’ ಎಂಬ ಪದ ವಿಶೇಷವಾಗಿ ಗಮನಾರ್ಹವಾದುದು. ಪಠ್ಯದಲ್ಲಿ ಅದಕ್ಕೆ ಆಲೋಚನಾ ಪ್ರಕ್ರಿಯೆ ಎಂಬ ತಟಸ್ಥ ಅರ್ಥ. ಹಳೆಯ ಮೈಸೂರು ಸೀಮೆಯ ಮಾತಿನಲ್ಲಿ ‘ಯೋಚನೆ ಮಾಡಬೇಡ’ ಎಂದರೆ ಚಿಂತಿಸಬೇಡ ಎಂದರ್ಥ. ‘ನಿಮಗೆ ಯೋಚನೆ ಬರುತ್ತದೆಯೇ?’ ಎಂದು ವಿದ್ಯಾರ್ಥಿ ಆಲೋಚನೆಗಳ ಬಗ್ಗೆ ಕೇಳಿದಾಗ, ಉತ್ತರಿಸುವಾಕೆ ಮಗಳ ಮದುವೆಯ ಚಿಂತೆಯನ್ನು ಹೇಳುತ್ತಾಳೆ. ಇಬ್ಬರೂ ಕನ್ನಡವನ್ನೇ ಆಡಿದ್ದಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿಲ್ಲ. ಇದೇ ಬಗೆಯ ಇನ್ನೊಂದು ಕಲ್ಪಿತ ಮಾದರಿಯನ್ನು ಕೊಡಬಹುದು. ‘ಖಿನ್ನತೆಯ ಲಕ್ಷಣಗಳು ಎಷ್ಟು ದಿನಗಳಿಂದ ಇವೆ?’ ಎಂದು ಹಾವೇರಿ ಕಡೆಯ ಹೆಣ್ಣುಮಗಳೊಬ್ಬಳನ್ನು ಕೇಳಿದರೆ, ‘ಹಂಗೇನಿಲ್ರೀ, ಜೀವಕ್ಕ ಒಂದೀಟು ಬ್ಯಾಸರ ಆಗೇತಿ, ಅಷ್ಟ’ ಎಂಬ ಉತ್ತರ ಬರಬಹುದು. ಪಠ್ಯವನ್ನು ಮಾತ್ರ ಓದಿದ ವಿದ್ಯಾರ್ಥಿ ಇದನ್ನು ‘ಲಕ್ಷಣಗಳಿಲ್ಲ’ ಎಂದು ದಾಖಲಿಸುತ್ತಾನೆ. ‘ಜೀವಕ್ಕೆ’ ಬೇಸರವಾಗಿದೆ ಎಂಬಲ್ಲಿನ ‘ಜೀವ’ದ ಭಾರವನ್ನು ತಿಳಿದವರು ಅಲ್ಲಿಂದಲೇ ಮುಂದಿನ ಪ್ರಶ್ನೆಯನ್ನು ಆರಂಭಿಸುತ್ತಾರೆ.

ಮೈಯ ಭಾಷೆಯಲ್ಲಿ ಮನಸ್ಸಿನ ನೋವನ್ನು ಹೇಳುವುದನ್ನು ಅಜ್ಞಾನವೆಂದು ಭಾವಿಸಿದ ಕಾಲವೊಂದಿತ್ತು. ಬೆಂಗಳೂರಿನಲ್ಲಿ ನಡೆದ ಸಂಶೋಧನೆಯೇ ಈ ಭಾವನೆಯನ್ನು ಪ್ರಶ್ನಿಸಿತು. ಆರ್. ರಘುರಾಮ್, ಮಿಚೆಲ್ ವೈಸ್, ಎಸ್.ಎಂ. ಚನ್ನಬಸವಣ್ಣ ಮೊದಲಾದವರು ೧೯೯೬ರಲ್ಲಿ ಅಮೆರಿಕದ ಮನೋವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟಿಸಿದ ಅಧ್ಯಯನ, ದೈಹಿಕ ಲಕ್ಷಣಗಳಿಗಿಂತ ಖಿನ್ನತೆಯ ಲಕ್ಷಣಗಳಿಗೆ ಹೆಚ್ಚು ಸಾಮಾಜಿಕ ಕಳಂಕ ಅಂಟಿಕೊಂಡಿರುವುದನ್ನು ತೋರಿಸಿತು. ಮೈನೋವು ಎಲ್ಲರಿಗೂ ಬರುವಂಥದು. ಮನಸ್ಸಿನ ನೋವನ್ನು ಹೇಳಿಕೊಂಡರೆ ಮದುವೆ, ಮನೆತನ, ಮರ್ಯಾದೆಗಳ ಪ್ರಶ್ನೆ ಏಳುತ್ತದೆ. ‘ಹುಚ್ಚು’, ‘ಮೆಂಟಲ್’ ಎಂಬ ಪದಗಳು ಬೈಗುಳಗಳಾಗಿರುವ ಸಮಾಜದಲ್ಲಿ ‘ಎದೆ ಭಾರ’ ಎನ್ನುವುದು ವಿವೇಕದ ಆಯ್ಕೆಯಾಗಿರಬಹುದು. ೨೦೧೩ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ರೋಗವರ್ಗೀಕರಣ ಕೈಪಿಡಿಯ ಐದನೆಯ ಆವೃತ್ತಿಯೂ ಸಂಕಟವನ್ನು ಹೇಳಿಕೊಳ್ಳುವ ಸಾಂಸ್ಕೃತಿಕ ಬಗೆಗಳನ್ನು ಗುರುತಿಸಿ, ಅವುಗಳನ್ನು ಅರಿಯಲು ೧೬ ಪ್ರಶ್ನೆಗಳ ಸಂದರ್ಶನ ಮಾದರಿಯೊಂದನ್ನು ಸೇರಿಸಿತು.

ಪ್ರಶ್ನಾವಳಿಗಳ ಅನುವಾದದಲ್ಲಿಯೂ ಇದೇ ಸಮಸ್ಯೆ ಇದೆ. ೨೦೦೧ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಬಳಕೆಗೆ ಬಂದ ಪಿಎಚ್‌ಕ್ಯೂ-೯ ಎಂಬ ಖಿನ್ನತೆಯ ಪ್ರಶ್ನಾವಳಿಯಲ್ಲಿ ಹಿಂದಿನ ಎರಡು ವಾರಗಳನ್ನು ಕುರಿತ ೯ ಪ್ರಶ್ನೆಗಳಿವೆ; ಪ್ರತಿಯೊಂದಕ್ಕೆ ೦ಯಿಂದ ೩ರವರೆಗೆ ಅಂಕ, ಒಟ್ಟು ೨೭. ಇಂತಹ ಸಾಧನವನ್ನು ಅನುವಾದಿಸಿ, ಮರಳಿ ಮೂಲಭಾಷೆಗೆ ಅನುವಾದಿಸಿ ತಾಳೆ ನೋಡುವುದು ರೂಢಿ. ಆದರೆ ಗ್ರಾಂಥಿಕ ಕನ್ನಡದಲ್ಲಿ ಮಾಡಿದ ಅನುವಾದ ಈ ತಾಳೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಏಕೆಂದರೆ ಗ್ರಾಂಥಿಕ ಪದಗಳು ಇಂಗ್ಲಿಷ್ ಪದಗಳಿಗೆ ಸರಿಸಮವಾಗಿ ಟಂಕಿಸಿದವು. ‘ಬೇಜಾರು’ ಎಂದು ಬರೆದರೆ ಮರಳಿ ಬರುವಾಗ ಅದು ಐದು ಇಂಗ್ಲಿಷ್ ಪದಗಳಲ್ಲಿ ಯಾವುದೂ ಆಗಬಹುದು. ಅನುವಾದಕರಿಗೆ ಸುರಕ್ಷಿತವಾದುದು ಉತ್ತರಿಸುವವರಿಗೆ ದೂರವಾಗುತ್ತದೆ. ತಾಳೆಯ ಜೊತೆಗೆ ಬೇರೆ ಬೇರೆ ಸೀಮೆಯ ಜನರೊಡನೆ ಮಾತಾಡಿ ಪರಿಶೀಲಿಸುವುದು ಇದಕ್ಕಾಗಿಯೇ ಅಗತ್ಯ.

೫. ಅನುಭವದ ವ್ಯಾಕರಣ

ಪದಗಳಿಗಿಂತ ಆಳದಲ್ಲಿ ವಾಕ್ಯರಚನೆಯ ನೆಲೆ ಇದೆ. ಕನ್ನಡದಲ್ಲಿ ಭಾವವನ್ನು ಹೇಳುವ ಸಹಜ ವಾಕ್ಯಗಳಲ್ಲಿ ಅನುಭವಿಸುವ ವ್ಯಕ್ತಿ ಚತುರ್ಥಿ ವಿಭಕ್ತಿಯಲ್ಲಿರುತ್ತಾನೆ: ನನಗೆ ಬೇಸರವಾಗಿದೆ, ನನಗೆ ಸಿಟ್ಟು ಬಂತು, ಅವಳಿಗೆ ಭಯವಾಯಿತು, ಅವನಿಗೆ ನಿದ್ದೆ ಹತ್ತಲಿಲ್ಲ. ಇಲ್ಲಿ ಭಾವವೇ ಬರುತ್ತದೆ, ಆಗುತ್ತದೆ, ಹೋಗುತ್ತದೆ. ವ್ಯಕ್ತಿ ಅದು ಬಂದು ಸೇರುವ ನೆಲೆ. ಪಠ್ಯದ ಕನ್ನಡದಲ್ಲಿ ಇದು ಬದಲಾಗುತ್ತದೆ. ‘ಅವನು ಖಿನ್ನನಾಗಿದ್ದಾನೆ’, ‘ಆತಂಕಗ್ರಸ್ತ ವ್ಯಕ್ತಿ’, ‘ಖಿನ್ನತಾ ರೋಗಿ’ ಎಂಬ ರಚನೆಗಳಲ್ಲಿ ಸ್ಥಿತಿ ವ್ಯಕ್ತಿಯ ವಿಶೇಷಣವಾಗಿ ಅಂಟಿಕೊಳ್ಳುತ್ತದೆ. ಬಂದು ಹೋಗಬಹುದಾಗಿದ್ದುದು ಅನನ್ಯತೆಯಾಗುತ್ತದೆ.

ಮೈಕೆಲ್ ವೈಟ್ ಮತ್ತು ಡೇವಿಡ್ ಎಪ್‌ಸ್ಟನ್ ೧೯೯೦ರ ತಮ್ಮ ಗ್ರಂಥದಲ್ಲಿ ರೂಪಿಸಿದ ಕಥನ ಚಿಕಿತ್ಸೆಯ ಒಂದು ಮುಖ್ಯ ಹೆಜ್ಜೆ, ಸಮಸ್ಯೆಯನ್ನು ವ್ಯಕ್ತಿಯಿಂದ ಬೇರ್ಪಡಿಸಿ ಹೊರಗಿನದೆಂಬಂತೆ ಮಾತಾಡುವುದು. ಇಂಗ್ಲಿಷಿನಲ್ಲಿ ಇದಕ್ಕೆ ವಿಶೇಷ ತರಬೇತಿ ಬೇಕು. ಕನ್ನಡದ ಚತುರ್ಥಿ ರಚನೆ ಅದನ್ನು ಆಗಲೇ ಮಾಡಿಟ್ಟಿದೆ. ‘ನಿಮಗೆ ಈ ಬೇಸರ ಯಾವಾಗಿನಿಂದ ಬರುತ್ತಿದೆ? ಯಾವ ಹೊತ್ತಿನಲ್ಲಿ ಬರುವುದಿಲ್ಲ?’ ಎಂಬ ಪ್ರಶ್ನೆ ಕನ್ನಡದಲ್ಲಿ ಯಾವ ಕೃತಕತೆಯೂ ಇಲ್ಲದೆ ನಿಲ್ಲುತ್ತದೆ. ಪಠ್ಯದ ನಾಮಪದಗಳು ಈ ಅನುಕೂಲವನ್ನು ಕಳೆಯುತ್ತವೆ.

ಚತುರ್ಥಿಯ ಎದುರಿಗೆ ಕನ್ನಡ ‘ಕೊಳ್ಳು’ ಧಾತುವಿನ ರಚನೆಯನ್ನು ಇಟ್ಟಿದೆ. ‘ನನಗೆ ಬೇಜಾರಾಯಿತು’ ಎಂಬಲ್ಲಿ ಹೊಣೆ ಇಲ್ಲ. ‘ಬೇಜಾರು ಮಾಡಿಕೊಂಡೆ’ ಎಂಬಲ್ಲಿ ಇದೆ. ಸೊಸೆ ‘ನನಗೆ ಬೇಜಾರಾಗುತ್ತದೆ’ ಎನ್ನುತ್ತಾಳೆ. ಮನೆಯವರು ‘ಅವಳು ಸುಮ್ಮಸುಮ್ಮನೆ ಬೇಜಾರು ಮಾಡಿಕೊಳ್ಳುತ್ತಾಳೆ’ ಎನ್ನುತ್ತಾರೆ. ಇಬ್ಬರೂ ಹೇಳುತ್ತಿರುವ ಸಂಗತಿ ಒಂದೇ. ತಪ್ಪು ಯಾರದು ಎಂಬ ತೀರ್ಪು ಕ್ರಿಯಾಪದದಲ್ಲಿ ಅಡಗಿದೆ. ಇಂತಹ ಸಂದರ್ಶನವನ್ನು ದಾಖಲಿಸುವ ವಿದ್ಯಾರ್ಥಿ ‘ಖಿನ್ನತೆ ಇದೆ’ ಎಂದಷ್ಟೇ ಬರೆದರೆ ಆ ಮನೆಯೊಳಗಿನ ಜಗಳವೇ ಬರಹದಿಂದ ಜಾರಿಹೋಗುತ್ತದೆ. ಕ್ರಿಯಾಪದವನ್ನು ಇದ್ದಂತೆ ಬರೆದುಕೊಂಡರೆ ಅದು ಉಳಿಯುತ್ತದೆ.

ಮೂರನೆಯದಾಗಿ ‘ಅನ್ನಿಸು’ ಎಂಬ ಕ್ರಿಯಾಪದ. ‘ಅನ್ನು’ ಎಂಬುದರ ಪ್ರೇರಣಾರ್ಥಕ ರೂಪದಿಂದ ಬಂದ ಇದು ಆಲೋಚನೆ ಮತ್ತು ಭಾವ ಎರಡಕ್ಕೂ ಸಲ್ಲುತ್ತದೆ. ‘ಏನನ್ನಿಸುತ್ತದೆ?’ ಎಂದರೆ ‘ನಾನು ಯಾರಿಗೂ ಬೇಡ ಅನ್ನಿಸುತ್ತದೆ’ ಎಂಬ ಉತ್ತರವೂ ಬರಬಹುದು, ‘ಹೆದರಿಕೆ ಅನ್ನಿಸುತ್ತದೆ’ ಎಂಬುದೂ ಬರಬಹುದು. ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಗೆ ಆಲೋಚನೆ ಮತ್ತು ಭಾವಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಹಾಗೆಂದು ‘ಅನ್ನಿಸು’ ಕನ್ನಡದ ಕೊರತೆಯಲ್ಲ. ಮನಸ್ಸು ತನಗೆ ತಾನೇ ಆಡುವ ಮಾತು ಎಂಬ ಹೊಳಹು ಆ ಧಾತುವಿನಲ್ಲಿಯೇ ಇದೆ. ತಾನಾಗಿ ಮೂಡುವ ಆಲೋಚನೆ ಎಂದು ಬೆಕ್ ಕರೆದುದಕ್ಕೆ ಅದು ಬಹಳ ಸಮೀಪವಾದುದು. ‘ಆಗ ಮನಸ್ಸಿನಲ್ಲಿ ಯಾವ ಮಾತು ಓಡಿತು?’ ಎಂದೂ ‘ಆಗ ಎದೆಯೊಳಗೆ ಏನಾಯಿತು?’ ಎಂದೂ ಎರಡು ಪ್ರಶ್ನೆಗಳಾಗಿ ಒಡೆದರೆ, ಪರಿಭಾಷೆಯ ನೆರವಿಲ್ಲದೆಯೇ ಬೇಕಾದ ಭೇದ ಸಿಗುತ್ತದೆ. ಡಿ.ಎನ್. ಶಂಕರ ಭಟ್ಟರು ೨೦೦೦ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ ಎತ್ತಿದ ಪ್ರಶ್ನೆಯನ್ನು ಈ ಶಿಸ್ತಿಗೂ ಕೇಳಬಹುದಾಗಿದೆ: ಕನ್ನಡದ ವಾಕ್ಯದೊಳಗೆ ಇರುವ ಮನಸ್ಸಿನ ವಿವರಣೆಯನ್ನು ಬಿಟ್ಟು, ಬೇರೆ ಭಾಷೆಯ ವಾಕ್ಯದ ಅಚ್ಚಿಗೆ ಅನುಭವವನ್ನು ಹೊಂದಿಸಬೇಕೆ?

೬. ‘ಆಪ್ತ’ ಮತ್ತು ‘ಸಹೃದಯ’

‘ಆಪ್ತಸಮಾಲೋಚನೆ’ ಎಂಬುದು ಈ ಕ್ಷೇತ್ರದಲ್ಲಿ ಕನ್ನಡ ಟಂಕಿಸಿಕೊಂಡ ಪದಗಳಲ್ಲಿ ಅತ್ಯಂತ ಸಫಲವಾದುದು. ‘ಸಲಹೆ’ ಎಂದಿದ್ದರೆ ತಿಳಿದವರು ತಿಳಿಯದವರಿಗೆ ಹೇಳುವ ಮಾತಾಗುತ್ತಿತ್ತು. ‘ಸಮಾಲೋಚನೆ’ಯಲ್ಲಿ ಕೂಡಿ ಯೋಚಿಸುವ ಅರ್ಥವಿದೆ. ‘ಆಪ್ತ’ನೆಂದರೆ ಬಳಿಯವನು ಮಾತ್ರವಲ್ಲ; ನ್ಯಾಯದರ್ಶನದಲ್ಲಿ ನಂಬಲರ್ಹನಾದವನ ಮಾತು ‘ಆಪ್ತವಾಕ್ಯ’ವೆನಿಸಿ ಪ್ರಮಾಣವಾಗುತ್ತದೆ. ಬಳಿಯಿರುವಿಕೆ ಮತ್ತು ನಂಬಿಕೆಗೆ ಅರ್ಹವಾಗಿರುವಿಕೆ ಎರಡನ್ನೂ ಈ ಪದ ಕೇಳುತ್ತದೆ. ಗೋಪ್ಯತೆಯನ್ನು ಕಾಪಾಡುವ ವೃತ್ತಿಧರ್ಮಕ್ಕೆ ಪದದಲ್ಲಿಯೇ ಆಧಾರ ಇದೆ.

ಕಾರ್ಲ್ ರೋಜರ್ಸ್ ೧೯೫೭ರ ಪ್ರಸಿದ್ಧ ಪ್ರಬಂಧದಲ್ಲಿ ಚಿಕಿತ್ಸೆಗೆ ಅಗತ್ಯವಾದ ಸ್ಥಿತಿಗಳನ್ನು ಹೇಳುತ್ತ, ಎದುರಿನವರ ಒಳಲೋಕವನ್ನು ತನ್ನದೆಂಬಂತೆ ಅನುಭವಿಸಬೇಕು, ಆದರೆ ‘ಎಂಬಂತೆ’ ಎಂಬ ಎಚ್ಚರವನ್ನು ಕಳೆದುಕೊಳ್ಳಬಾರದು ಎಂಬರ್ಥದ ಮಾತನ್ನಾಡಿದರು. ಈ ಗುಣಕ್ಕೆ ಕನ್ನಡದಲ್ಲಿ ಸಹಾನುಭೂತಿ, ಪರಾನುಭೂತಿ, ತಾದಾತ್ಮ್ಯ ಎಂಬ ಬೇರೆ ಬೇರೆ ಪದಗಳು ಬಳಕೆಯಲ್ಲಿವೆ. ಸಹಾನುಭೂತಿ ಬಳಕೆಯಲ್ಲಿ ಕನಿಕರದ ಕಡೆಗೆ ವಾಲಿದೆ. ತಾದಾತ್ಮ್ಯದಲ್ಲಿ ‘ಎಂಬಂತೆ’ ಅಳಿದುಹೋಗುತ್ತದೆ. ಪದವಿ ವಿದ್ಯಾರ್ಥಿಗೆ ಈ ಸೂಕ್ಷ್ಮ ತಿಳಿಯುವುದು ಕಷ್ಟ.

ಅದೇ ವಿದ್ಯಾರ್ಥಿ ಐಚ್ಛಿಕ ಕನ್ನಡ ತರಗತಿಯಲ್ಲಿ ಕುಳಿತರೆ ಇದೇ ಸಮಸ್ಯೆಯ ಶತಮಾನಗಳ ಚರ್ಚೆ ಅವನಿಗೆ ದೊರೆಯುತ್ತದೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಾಧಾರಣೀಕರಣ ಮತ್ತು ಸಹೃದಯ ಪರಿಕಲ್ಪನೆಗಳು, ಇನ್ನೊಬ್ಬರ ದುಃಖವನ್ನು ತನ್ನದೇ ಖಾಸಗಿ ದುಃಖವಾಗಿಸಿಕೊಳ್ಳದೆ, ಪರಕೀಯವೆಂದು ದೂರವೂ ನಿಲ್ಲದೆ ಅನುಭವಿಸುವುದು ಹೇಗೆ ಎಂಬುದನ್ನೇ ಕುರಿತವು. ಭಟ್ಟನಾಯಕ, ಅಭಿನವಗುಪ್ತರ ಚರ್ಚೆಯಲ್ಲಿ ಪ್ರೇಕ್ಷಕನ ಈ ನಡುನೆಲೆ ಸ್ಪಷ್ಟವಾಗಿ ಗುರುತಿಸಲ್ಪಟ್ಟಿದೆ. ಆದರೆ ಸಾಮ್ಯವನ್ನು ಎಳೆದಾಡಬಾರದು. ರಸಿಕನಿಗೆ ಕರುಣರಸ ಆಸ್ವಾದ್ಯ. ಎದುರಿಗೆ ಕುಳಿತು ಅಳುವವರ ಶೋಕ ಆಸ್ವಾದ್ಯವಲ್ಲ. ರಂಗದ ಪಾತ್ರ ಉತ್ತರ ಕೇಳುವುದಿಲ್ಲ. ಸಮಾಲೋಚನೆಗೆ ಬಂದವರು ನಾಳೆಯ ಬದುಕಿಗೆ ದಾರಿ ಕೇಳುತ್ತಾರೆ. ಈ ಭೇದವನ್ನು ತಿಳಿಸಿಯೇ ‘ಸಹೃದಯತೆ’ಯನ್ನು ಪಾಠಕ್ಕೆ ತಂದರೆ, ರೋಜರ್ಸ್ ಹೇಳಿದುದು ಕಂಠಪಾಠದ ವ್ಯಾಖ್ಯೆಯಾಗದೆ ಅರಿವಿಗೆ ಬರುವ ಸಾಧ್ಯತೆ ಹೆಚ್ಚು.

ಸಂಬೋಧನೆಯ ಪ್ರಶ್ನೆಯೂ ಇಲ್ಲಿ ಬರುತ್ತದೆ. ಇಪ್ಪತ್ತು ವರ್ಷದ ವಿದ್ಯಾರ್ಥಿನಿ ಐವತ್ತರ ಹೆಂಗಸನ್ನು ಹೆಸರು ಹಿಡಿದು ಕರೆಯಲಾರಳು; ‘ಅಮ್ಮ’, ‘ಅಕ್ಕ’, ‘ಯವ್ವಾ’ ಎನ್ನುತ್ತಾಳೆ. ಆಕೆ ಮರಳಿ ‘ಮಗಳೇ’, ‘ತಂಗಿ’ ಎನ್ನುತ್ತಾಳೆ. ಮಾತು ಈ ನಂಟಿನಿಂದಲೇ ಬಿಚ್ಚಿಕೊಳ್ಳುತ್ತದೆ. ಆದರೆ ಮಗಳಾದವಳಿಗೆ ಹೇಳಬಾರದ ವಿಷಯಗಳೂ ಉಂಟು. ಗಂಡಹೆಂಡಿರ ಸಂಬಂಧದ ವಿಚಾರವನ್ನು ಮಗಳ ಎದುರು ಆಡಲು ತಾಯಿ ಹಿಂಜರಿಯುತ್ತಾಳೆ. ವೃತ್ತಿಯ ಗಡಿಯನ್ನು ಕುರಿತ ಪಾಠ ಪಠ್ಯದಲ್ಲಿ ಒಂದು ನಿಯಮವಾಗಿ ಬರುತ್ತದೆ. ಕನ್ನಡದಲ್ಲಿ ಆ ಗಡಿ ಸಂಬೋಧನಾ ಪದದಲ್ಲಿಯೇ ಸರಿದಾಡುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ. ತುಳು, ಕೊಂಕಣಿ, ಉರ್ದು, ಲಂಬಾಣಿ, ಕೊಡವ ಮನೆಮಾತಿನವರಿಗೆ ಕನ್ನಡವೇ ಎರಡನೆಯ ಭಾಷೆ ಎಂಬುದನ್ನೂ ಮರೆಯಲಾಗದು. ಅತ್ತು ಹೇಳಿಕೊಳ್ಳುವ ಹೊತ್ತಿಗೆ ಅವರು ಮನೆಮಾತಿಗೆ ಮರಳಬಹುದು. ಅದಕ್ಕೆ ಅವಕಾಶ ಕೊಡುವುದು ಕೂಡ ಕೇಳಿಸಿಕೊಳ್ಳುವಿಕೆಯ ಭಾಗವೇ.

೭. ಸಾವಿನ ಮಾತು

ಮೇಲಿನ ಚರ್ಚೆ ಭಾಷಾಸೂಕ್ಷ್ಮದ ವಿಚಾರ ಮಾತ್ರವಲ್ಲ ಎಂಬುದು ಸಾವಿನ ಪ್ರಸ್ತಾಪ ಬಂದಾಗ ನಿಚ್ಚಳವಾಗುತ್ತದೆ. ‘ಸಾಕಾಗಿದೆ’, ‘ಬದುಕೇ ಬೇಡ ಅನ್ನಿಸಿದೆ’, ‘ದೇವರು ಕರೆದುಕೊಂಡರೆ ಸಾಕು’, ‘ಎಲ್ಲಾದರೂ ಹೋಗಿಬಿಡೋಣ ಅನ್ನಿಸುತ್ತದೆ’ ಎಂಬುವು ಕನ್ನಡದ ದಿನನಿತ್ಯದ ಮಾತುಗಳು. ದಣಿದ ತಾಯಿ ಸಂಜೆ ಆಡುವ ‘ಸಾಕಾಗಿದೆ’ಗೂ ಸಾವಿನ ನಿರ್ಧಾರಕ್ಕೆ ಹತ್ತಿರವಿರುವವರ ‘ಸಾಕಾಗಿದೆ’ಗೂ ಪದದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ತಿಳಿಯಬೇಕಾದರೆ ನೇರವಾಗಿ ಕೇಳಬೇಕು. ಸಾವಿನ ಬಗ್ಗೆ ಕೇಳಿದರೆ ಆ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ವ್ಯಾಪಕವಾಗಿದ್ದರೂ ಸಂಶೋಧನೆಗಳು ಅದನ್ನು ಸಮರ್ಥಿಸಿಲ್ಲ. ಕಾಳಜಿಯಿಂದ ಕೇಳಿದ ಪ್ರಶ್ನೆ ಅಪ್ಪಿಟ್ಟುಕೊಂಡ ಮಾತನ್ನು ಹೊರತರಲು ನೆರವಾಗುತ್ತದೆ.

ಆದರೆ ಯಾವ ಪದಗಳಲ್ಲಿ ಕೇಳಬೇಕು? ‘ಆತ್ಮಹತ್ಯಾ ಪ್ರವೃತ್ತಿ ಇದೆಯೇ?’ ಎಂಬ ಪಠ್ಯದ ಪ್ರಶ್ನೆ ಉತ್ತರವನ್ನು ಮುಚ್ಚಿಬಿಡುತ್ತದೆ. ‘ಹತ್ಯೆ’ ಎಂಬ ಪದದಲ್ಲಿ ಅಪರಾಧದ ನೆರಳಿದೆ. ಕಾನೂನು ಈ ನೆರಳಿನಿಂದ ಸರಿದಿದೆ: ೨೦೧೭ರ ಕಾಯಿದೆಯ ೧೧೫ನೆಯ ಕಲಂ ಇಂತಹ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಅವರಿಗೆ ಆರೈಕೆ ಒದಗಿಸಬೇಕೆಂದು ಹೇಳಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಿಂದಿನ ದಂಡ ಸಂಹಿತೆಯ ೩೦೯ನೆಯ ಕಲಮಿನಂತಹ ಸಾಮಾನ್ಯ ಅಪರಾಧವಿಲ್ಲ. ಭಾಷೆ ಮಾತ್ರ ಅಲ್ಲಿಯೇ ನಿಂತಿದೆ. ‘ಸಾಕಾಗಿದೆ ಅಂದಿರಲ್ಲ, ಸತ್ತುಹೋಗಬೇಕು ಅಂತ ಅನ್ನಿಸಿದ್ದುಂಟೆ? ಜೀವ ಕಳೆದುಕೊಳ್ಳಬೇಕು ಅಂತ ಏನಾದರೂ ಯೋಚನೆ ಮಾಡಿದ್ದೀರಾ?’ ಎಂಬ ಮಾತು ಎದುರಿನವರ ಪದದಿಂದ ಆರಂಭವಾಗಿ ನೇರ ಪ್ರಶ್ನೆಗೆ ತಲುಪುತ್ತದೆ. ‘ಹೌದು’ ಎಂಬ ಉತ್ತರ ಬಂದಾಗ ಅವರನ್ನು ಒಂಟಿಯಾಗಿ ಬಿಡದಿರುವುದು, ತಜ್ಞರ ಬಳಿಗೆ ತಲುಪಿಸುವುದು, ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ೧೪೪೧೬ ಸಂಖ್ಯೆಯನ್ನು ತಿಳಿಸುವುದು ಪದವಿ ವಿದ್ಯಾರ್ಥಿಗೂ ತಿಳಿದಿರಬೇಕಾದ ಹೆಜ್ಜೆಗಳು. ಅವುಗಳನ್ನು ಇಂಗ್ಲಿಷಿನ ಕಿರುಪದಗಳಲ್ಲಿ ನೆನಪಿಟ್ಟುಕೊಂಡವರಿಗೆ ಆ ಹೊತ್ತಿನಲ್ಲಿ ಕನ್ನಡ ವಾಕ್ಯ ಹೊಳೆಯದೆ ಹೋದರೆ ಕಲಿತದ್ದು ವ್ಯರ್ಥ.

೮. ಕನ್ನಡ ವಿಭಾಗಗಳ ಪಾಲು

೨೦೨೪-೨೫ನೆಯ ಸಾಲಿನಿಂದ ಕರ್ನಾಟಕದ ಪದವಿ ಶಿಕ್ಷಣ ಮತ್ತೆ ಮೂರು ವರ್ಷಗಳ ಚೌಕಟ್ಟಿಗೆ ಮರಳಿದೆ. ೨೦೨೧ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಮನಶ್ಶಾಸ್ತ್ರ ಮತ್ತು ಸಮಾಜಕಾರ್ಯದ ಕೆಲವು ವೃತ್ತಿಗಳನ್ನು ಆರೋಗ್ಯ ಸೇವೆಯ ವ್ಯಾಪ್ತಿಗೆ ತಂದಿದೆ. ವೃತ್ತಿಯ ಅರ್ಹತೆಗಳು ಬಿಗಿಯಾಗುತ್ತಿರುವ ಈ ಹೊತ್ತಿನಲ್ಲಿ ಭಾಷಾ ಅರ್ಹತೆಯ ವಿಚಾರವೂ ಸೇರಬೇಕಾಗಿದೆ. ಹೊಸ ಪತ್ರಿಕೆಗಳನ್ನು ಸೃಷ್ಟಿಸದೆಯೂ ಮಾಡಬಹುದಾದ ಕೆಲಸಗಳಿವೆ.

ಒಂದು, ಪದಸಂಗ್ರಹ. ಪ್ರತಿಯೊಂದು ಪಾರಿಭಾಷಿಕ ಪದದ ಎದುರು ಆಯಾ ಜಿಲ್ಲೆಯ ಆಡುನುಡಿಯನ್ನು, ಪದವಾಗಿ ಅಲ್ಲದೆ ಪೂರ್ಣ ವಾಕ್ಯವಾಗಿ, ಆಡಿದವರ ವಯಸ್ಸು ಮತ್ತು ಸಂದರ್ಭದೊಂದಿಗೆ ಸಂಗ್ರಹಿಸುವುದು. ಜಾನಪದ ಸಂಗ್ರಹಕಾರ್ಯದಲ್ಲಿ ಪಳಗಿದ ಕನ್ನಡ ವಿಭಾಗಗಳಿಗೆ ಇದು ಹೊಸ ವಿಧಾನವಲ್ಲ. ಆಡಿದವರ ಒಪ್ಪಿಗೆ ಮತ್ತು ಅವರ ಗುರುತನ್ನು ಮರೆಮಾಡುವುದು ಇಲ್ಲಿ ಕಡ್ಡಾಯ.

ಎರಡು, ಭಾಷಾ ಪತ್ರಿಕೆ. ವ್ಯಾವಹಾರಿಕ ಕನ್ನಡದ ಹೆಸರಿನಲ್ಲಿ ಅರ್ಜಿ, ವರದಿ, ಪತ್ರಲೇಖನಗಳನ್ನು ಕಲಿಸುವ ಕಡೆ ಸಂದರ್ಶನದ ಬರಹವನ್ನೂ ಸೇರಿಸಬಹುದು. ಕೇಳಿದ ಮಾತನ್ನು ಗ್ರಾಂಥಿಕಕ್ಕೆ ತಿದ್ದದೆ ಬರೆದುಕೊಳ್ಳುವುದು, ಅನಂತರ ಅದನ್ನು ವರದಿಯ ಕನ್ನಡಕ್ಕೆ ಒಯ್ಯುವುದು, ಒಯ್ಯುವಾಗ ಏನು ಕಳೆಯಿತೆಂದು ಗುರುತಿಸುವುದು ಒಳ್ಳೆಯ ಭಾಷಾಭ್ಯಾಸ. ಸಮಾಜಕಾರ್ಯದ ಕ್ಷೇತ್ರಕಾರ್ಯ ದಾಖಲೆಗಳಿಗೆ ಇದು ನೇರವಾಗಿ ಒದಗುತ್ತದೆ.

ಮೂರು, ಪ್ರಶ್ನೆಪತ್ರಿಕೆ. ಲಕ್ಷಣಗಳನ್ನು ಪಟ್ಟಿಮಾಡಿ ಎಂಬ ಪ್ರಶ್ನೆಯ ಜೊತೆಗೆ, ಆಡುಮಾತಿನ ಒಂದು ಸಣ್ಣ ಸಂಭಾಷಣೆಯನ್ನು ಕೊಟ್ಟು, ಮುಂದೆ ಏನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು ಎಂದು ಬರೆಯಿಸಬಹುದು. ಪರೀಕ್ಷೆ ಬದಲಾದರೆ ಪಾಠವೂ ಬದಲಾಗುತ್ತದೆ.

ಇಲ್ಲಿ ಒಂದು ಎಚ್ಚರವನ್ನು ಹೇಳಬೇಕು. ಆಡುನುಡಿಯನ್ನು ಆದರ್ಶೀಕರಿಸುವುದು ಅಪಾಯಕಾರಿ. ‘ಗಾಳಿ ಸೋಕಿದೆ’ ಎಂಬ ವಿವರಣೆಯನ್ನು ಗೌರವದಿಂದ ಕೇಳಿಸಿಕೊಳ್ಳುವುದು ಬೇರೆ, ಅದನ್ನೇ ನಂಬಿ ಚಿಕಿತ್ಸೆಯನ್ನು ತಡಮಾಡುವುದು ಬೇರೆ. ತಜ್ಞರೊಡನೆ ಮಾತಾಡುವಾಗ, ವರದಿ ಬರೆಯುವಾಗ, ಸಂಶೋಧನೆ ಓದುವಾಗ ಪರಿಭಾಷೆ ಬೇಕೇಬೇಕು. ವಿದ್ಯಾರ್ಥಿಗೆ ಎರಡು ಕನ್ನಡಗಳೂ ಬರಬೇಕು. ಒಂದರಿಂದ ಇನ್ನೊಂದಕ್ಕೆ ಹೋಗಿಬರುವ ದಾರಿ ತಿಳಿದಿರಬೇಕು.

೯. ಉಪಸಂಹಾರ

ಒಟ್ಟಾರೆಯಾಗಿ, ಕನ್ನಡದಲ್ಲಿ ಮನಶ್ಶಾಸ್ತ್ರವನ್ನು ಕಲಿಸುವ ಪ್ರಶ್ನೆಯನ್ನು ಇದುವರೆಗೆ ಮುಖ್ಯವಾಗಿ ಪದಟಂಕನದ ಪ್ರಶ್ನೆಯಾಗಿ ನೋಡಲಾಗಿದೆ. ಇಂಗ್ಲಿಷ್ ಪದಕ್ಕೆ ಸಮಾನವಾದ ಕನ್ನಡ ಪದ ಯಾವುದು ಎಂಬ ಹುಡುಕಾಟದಲ್ಲಿ, ಕನ್ನಡದ ಮಾತಿಗೆ ಸಮಾನವಾದ ಶಾಸ್ತ್ರದ ತಿಳಿವು ಯಾವುದು ಎಂಬ ಹುಡುಕಾಟ ಹಿಂದೆ ಬಿದ್ದಿದೆ. ಚತುರ್ಥಿ ವಿಭಕ್ತಿ, ‘ಕೊಳ್ಳು’ ಧಾತು, ‘ಅನ್ನಿಸು’ ಕ್ರಿಯಾಪದ, ಸಂಬೋಧನೆ, ಸಹೃದಯತೆ ಇವು ಕನ್ನಡ ಅಧ್ಯಾಪಕರಿಗೆ ಚಿರಪರಿಚಿತವಾದ ಪಾಠಗಳು. ಇವೇ ಸಂಗತಿಗಳು ಪಕ್ಕದ ಕೊಠಡಿಯ ಮನಶ್ಶಾಸ್ತ್ರ ತರಗತಿಯಲ್ಲಿ ಉಪಕರಣಗಳಾಗಬಲ್ಲವು. ಎರಡು ವಿಭಾಗಗಳ ನಡುವಿನ ಈ ಕೊಡುಕೊಳೆ ನಡೆದರೆ, ‘ಜೀವಕ್ಕ ಬ್ಯಾಸರ ಆಗೇತಿ’ ಎಂದವರಿಗೆ ‘ಅದೇನ್ರೀ, ಹೇಳ್ರಿ’ ಎಂದು ಮುಂದೆ ಕೇಳಬಲ್ಲ ಪದವೀಧರರು ತಯಾರಾದಾರು.